ತೋಟದ ದಾರಿಯಷ್ಟು ಉದ್ದದ ಹಡಗು

ಕಳಸದ ನಮ್ಮ ಕಾಫಿ ತೋಟ ಬಿಟ್ಟು ಅಜ್ಜಿ ಸಮುದ್ರ ನೋಡಿದವರೇ ಅಲ್ಲ. ನೌಕಾಪಡೆಯ ಅಣ್ಣನಿಗೆ ‘ವಿಕ್ರಾಂತ್’ನಲ್ಲಿ ಕೆಲಸ ಎಂದಾಗಿನಿಂದ ಒಂದೇ ಚಿಂತೆ: “ಅಲೆಗೆ ಮಗುಚಿದರೆ?”

ಮೊನ್ನೆ ಹಗ್ಗ ಹಿಡಿದು, ಕಾಫಿ ಒಣಗಿಸುವ ಕಣದಿಂದ 262 ಮೀಟರ್ ಅಳೆದೆ. ಹಳ್ಳ ದಾಟಿ ಗೇಟಿನವರೆಗೆ ಬಂತು!

“ಹಡಗು ಇಷ್ಟುದ್ದ ಅಜ್ಜಿ. ಕೊಚ್ಚಿಯಲ್ಲಿ ಕಟ್ಟಿದ್ದು, 2022ರಲ್ಲಿ ನೌಕಾಪಡೆ ಸೇರಿತು. ಮೂತಿ ನಮ್ಮ ಗೇಟಿನ ಏರಿನ ಹಾಗೆ ಮೇಲೆ ಬಾಗಿದೆ. ವಿಮಾನ ಓಡಿಬಂದು ಅಲ್ಲಿಂದ ಹಾರುತ್ತದೆ.”

“ಇದಕ್ಕಿಂತ ದೊಡ್ಡದು ಕಟ್ಟುತ್ತಾರಾ?”

“65,000 ಟನ್ನಿನ ‘ವಿಶಾಲ್’ ಕಟ್ಟುವ ಯೋಚನೆ ಮಾಡಿದ್ದರು. ವಿಮಾನವನ್ನು ಕವಣೆಕಲ್ಲಿನಂತೆ ಚಿಮ್ಮಿಸುವ ಯಂತ್ರ ಅದರಲ್ಲಿ. ಕೆಲಸ ಇನ್ನೂ ಶುರುವಾಗಿಲ್ಲ.”

ಅಜ್ಜಿ ಕೋಲೂರಿಕೊಂಡು ಗೇಟಿನವರೆಗೂ ನಡೆದರು. ನಡುವೆ ಎರಡು ಸಲ ಕೂತರು.

“ಇಷ್ಟು ದೊಡ್ಡದಾದರೆ ಭಯವಿಲ್ಲ,” ಎಂದರು. “ಆದರೆ ಊಟದ ಮನೆ ಯಾವ ತುದಿಯಲ್ಲಿದೆಯೋ, ಪಾಪ!”