ಕಠಿಣವೆಂಬ ನೆಪ

ಡೆಲಿವರಿ ವ್ಯಾನುಗಳಿಗೆ ದಾರಿ ಹಾಕಿಕೊಡುವ ತಂತ್ರಾಂಶ ಬರೆಯುವುದು ನನ್ನ ಹೊಟ್ಟೆಪಾಡು. ಗೋದಾಮು ಒಂದು, ವ್ಯಾನು ಹಲವು, ಮನೆಗಳು ನೂರಾರು. ಪ್ರತಿ ವ್ಯಾನಿಗೂ ಹೊರಬಲ್ಲ ತೂಕ ಇಷ್ಟೆಂದಿದೆ, ಪ್ರತಿ ಮನೆಗೂ ತಲುಪಬೇಕಾದ ಹೊತ್ತಿನ ಸ್ಲಾಟ್ ಇಂಥದ್ದೆಂದಿದೆ. ಎಲ್ಲ ಷರತ್ತಿಗೂ ಒಗ್ಗುವ, ಖರ್ಚು ತೀರ ಕಡಿಮೆ ಬೀಳುವ ದಾರಿ ಹುಡುಕಬೇಕು. ‘ಈ ರೂಟ್ ಯಾಕ್ ಸಾರ್ ಹಿಂಗೈತೆ?’ ಎಂದು ಡ್ರೈವರ್ ಕೇಳಿದರೆ ‘ಇದು ಎನ್‌ಪಿ-ಹಾರ್ಡ್ ಸಮಸ್ಯೆ ಅಣ್ಣ, ಕಂಪ್ಯೂಟರಿಗೂ ಕಷ್ಟ’ ಎನ್ನುತ್ತೇನೆ. ಅವರು ಸುಮ್ಮನಾಗುತ್ತಾರೆ. ಹಾಗೆ ಬಾಯಿ ಮುಚ್ಚಿಸುವುದರಲ್ಲಿ ನನಗೊಂದು ಸುಖವಿದೆ. ಆ ಸುಖದ ಬೇರನ್ನು ಈಚೆಗೆ ಕೆದಕಿ ನೋಡಿಕೊಳ್ಳುತ್ತಿದ್ದೇನೆ.

ನಾನು ಹೇಳುವುದು ಸುಳ್ಳೇನಲ್ಲ. ಒಂದೇ ವ್ಯಾನು 20 ಮನೆ ಮುಟ್ಟಿ ಬರಬಹುದಾದ ಕ್ರಮಗಳೇ 243ರ ಮುಂದೆ 16 ಸೊನ್ನೆ ಬರೆದಷ್ಟಾಗುತ್ತವೆ. ಈ ಅಂಕಿ ಹೇಳಿ ಎದುರಿನವರನ್ನು ಬೆರಗಾಗಿಸುವುದು ನನಗೆ ಇಷ್ಟ. ಆದರೆ ಎಣಿಕೆ ಬೆಳೆದ ಮಾತ್ರಕ್ಕೆ ಸಮಸ್ಯೆ ಕಠಿಣವಾಗುವುದಿಲ್ಲ. ಊರಿನ ಎರಡು ಜಾಗಗಳ ನಡುವಿನ ದಾರಿಗಳೂ ಲೆಕ್ಕವಿಲ್ಲದಷ್ಟಿವೆ. ಅವುಗಳಲ್ಲಿ ಹತ್ತಿರದ್ದನ್ನು ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನ ಕ್ಷಣದಲ್ಲಿ ಹೆಕ್ಕುತ್ತದೆ. ಕಾಠಿಣ್ಯ ಇರುವುದು ಬೇರೆ ಕಡೆ. 1971ರಲ್ಲಿ ಸ್ಟೀಫನ್ ಕುಕ್, 1972ರಲ್ಲಿ ರಿಚರ್ಡ್ ಕಾರ್ಪ್ ತೋರಿಸಿಕೊಟ್ಟಂತೆ, ನನ್ನ ವ್ಯಾನಿನದಂಥ ಸಮಸ್ಯೆಗಳೆಲ್ಲ ಒಂದಕ್ಕೊಂದು ಗಂಟುಬಿದ್ದಿವೆ. ಒಂದಕ್ಕೆ ಎಲ್ಲ ಸಂದರ್ಭದಲ್ಲೂ ಬೇಗ ನಡೆಯುವ ವಿಧಾನ ಸಿಕ್ಕರೆ ಮಿಕ್ಕವಕ್ಕೂ ಸಿಕ್ಕಂತೆ. ಅದು ಯಾರಿಗೂ ಸಿಕ್ಕಿಲ್ಲ. ಸಿಗುವುದೇ ಇಲ್ಲವೆಂದು ಸಾಧಿಸಿದವರೂ ಇಲ್ಲ. ಸ್ಲಾಟ್ ಸೇರಿದರೆ ಪಾಡು ಇನ್ನೂ ಬಿಗಿ. ಎಲ್ಲ ಸ್ಲಾಟಿಗೂ ಹೊಂದುವ ಒಂದಾದರೂ ದಾರಿ ಇದೆಯೇ ಎಂದು ತಿಳಿಯುವುದು, ವ್ಯಾನು ಒಂದೇ ಆದರೂ, ಎನ್‌ಪಿ-ಪೂರ್ಣ, ಅಂದರೆ ಈ ಗಂಟಿಗೇ ಸೇರಿದ್ದು, ಎಂದು ಸಾವೆಲ್ಸ್‌ಬರ್ಗ್ 1985ರಲ್ಲಿ ತೋರಿಸಿದರು.

ಇಷ್ಟನ್ನು ಹುರುಪಿನಿಂದ ಹೇಳುವ ನಾನು ಮುಂದಿನದನ್ನು ನುಂಗಿಕೊಳ್ಳುತ್ತೇನೆ. ಆ ಪ್ರಮೇಯಗಳು ಅತಿ ಕೆಟ್ಟ ಸಂದರ್ಭದ ಬಗ್ಗೆ ಹೇಳುತ್ತವೆ, ನಾಳೆ ಬೆಳಗಿನ ನನ್ನ ಪಟ್ಟಿಯ ಬಗ್ಗೆ ಅಲ್ಲ. 1954ರಲ್ಲೇ ಡಾಂಟ್ಸಿಗ್, ಫುಲ್ಕರ್ಸನ್, ಜಾನ್ಸನ್ ಅಮೆರಿಕದ 49 ನಗರಗಳನ್ನು ಸುತ್ತುವ ದಾರಿ ಹಾಕಿ, ಅದಕ್ಕಿಂತ ಚಿಕ್ಕದು ಇಲ್ಲವೆಂದು ಸಾಧಿಸಿದ್ದರು. 2006ರಲ್ಲಿ ಕಾಂಕಾರ್ಡ್ ತಂತ್ರಾಂಶ 85,900 ಬಿಂದುಗಳ ಇಂಥದೇ ಸಮಸ್ಯೆಯನ್ನು ಬಿಡಿಸಿತು. ತೂಕ, ಸ್ಲಾಟ್ ಸೇರಿದಾಗ ಇಷ್ಟು ದೂರ ಹೋಗಲಾಗದು, ನಿಜ. ಆದರೂ 1964ರಲ್ಲಿ ಕ್ಲಾರ್ಕ್ ಮತ್ತು ರೈಟ್ ಕೊಟ್ಟ ಉಳಿತಾಯದ ವಿಧಾನದಿಂದ ಹಿಡಿದು ಸಾಕಷ್ಟು ಒಳ್ಳೆಯ ದಾರಿ ಕೊಡುವ ಉಪಾಯಗಳು ಬೇಕಾದಷ್ಟಿವೆ. ಹಾಗಿರುವಾಗ ‘ಕಠಿಣ’ ಎಂಬುದು ನನ್ನ ಬಾಯಲ್ಲಿ ವಿವರಣೆಯಾಗಿ ಉಳಿದಿಲ್ಲ, ಗುರಾಣಿಯಾಗಿದೆ.

ಆ ಗುರಾಣಿಯ ಹಿಂದೆ ಇರುವುದು ದಂಡದ ಪಟ್ಟಿ. 1959ರಲ್ಲಿ ಡಾಂಟ್ಸಿಗ್ ಮತ್ತು ರಾಮ್ಸರ್ ಪೆಟ್ರೋಲ್ ಲಾರಿಗಳ ಸಮಸ್ಯೆಯನ್ನು ಮೊದಲು ಗಣಿತಕ್ಕೆ ಇಳಿಸಿದಾಗ ಅದರಲ್ಲಿದ್ದದ್ದು ಬಂಕುಗಳ ಬೇಡಿಕೆ, ಲಾರಿಯ ಅಳತೆ, ಒಟ್ಟು ದೂರ. ನನ್ನ ಸೂತ್ರ ಅದಕ್ಕಿಂತ ಉದ್ದ. ಅದರಲ್ಲಿ ಕೆಲವು ಷರತ್ತು ಮೀರುವಂತಿಲ್ಲ. ಕೆಲವನ್ನು ದಂಡ ತೆತ್ತು ಮೀರಬಹುದು. ವ್ಯಾನಿನ ತೂಕ ಮೊದಲ ಗುಂಪಿನಲ್ಲಿದೆ, ಡ್ರೈವರನ ಊಟ ಎರಡನೆಯದರಲ್ಲಿ. ಗಿರಾಕಿಯ ಸ್ಲಾಟ್ ತಪ್ಪಿದರೆ ದಂಡ ದೊಡ್ಡದು, ಊಟ ತಡವಾದರೆ ಚಿಕ್ಕದು. ಲಿಫ್ಟ್ ಇಲ್ಲದ ಮೂರನೇ ಮಹಡಿಗೂ ರಸ್ತೆ ಬದಿಯ ಅಂಗಡಿಗೂ ಒಂದೇ ನಿಮಿಷದ ಲೆಕ್ಕ. ಈ ಅಂಕಿಗಳನ್ನು ಯಾವ ಪ್ರಮೇಯವೂ ಕೊಡಲಿಲ್ಲ, ನಾನು ಟೈಪ್ ಮಾಡಿದೆ. ನಾಳೆ ಯಾರೋ ಎನ್‌ಪಿ-ಹಾರ್ಡ್ ಸಮಸ್ಯೆಗಳನ್ನೆಲ್ಲ ಚಿಟಿಕೆ ಹೊಡೆಯುವುದರೊಳಗೆ ಬಿಡಿಸಿದರೂ ಡ್ರೈವರನ ಊಟ ತಡವಾಗಿಯೇ ಆಗುತ್ತದೆ. ಅದೂ ಅತ್ಯುತ್ತಮ ಪರಿಹಾರವೆಂಬ ಮುದ್ರೆಯೊಂದಿಗೆ.

ಇದು ಗೊತ್ತಿದ್ದೂ ಗಣಿತದ ಮಾತಿಗೇ ಜೋತುಬೀಳುವುದು ಯಾಕೆ? ಒಟ್ಟು ದೂರದಲ್ಲಿ ಶೇಕಡಾ 1 ಇಳಿಸಿದರೆ ಮೀಟಿಂಗಿನಲ್ಲಿ ಹೊಗಳಿಕೆ ಸಿಗುತ್ತದೆ. ಮೆಟ್ಟಿಲು ಹತ್ತಲು ಎಷ್ಟು ಹೊತ್ತು ಬೇಕೆಂದು ಡ್ರೈವರನ್ನು ಕೇಳಿ ಬಂದರೆ ಅದು ಜಾಣತನದ ಲೆಕ್ಕಕ್ಕೆ ಬರುವುದಿಲ್ಲ. ನನಗೆ ಬೇಕಾಗಿರುವುದು ಜಾಣನೆಂಬ ಹೆಸರು. ಸಮಸ್ಯೆ ಕಠಿಣವಾಗಿದ್ದಷ್ಟೂ ಆ ಹೆಸರಿಗೆ ಬೆಲೆ ಹೆಚ್ಚು, ಹೊಣೆ ಕಡಿಮೆ. ಡ್ರೈವರನಂತೆ ಓಡಾಡಿ ದುಡಿಯುವವರನ್ನು ಸೂತ್ರದೊಳಗೆ ತರುವುದು ಹೊಸ ಯೋಚನೆಯೂ ಅಲ್ಲ. ಬಂಗಾಳದ ಸೆಣಬಿನ ಬೆಳೆ ಸಮೀಕ್ಷೆಗಾಗಿ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ 1940ರ ಹೊತ್ತಿಗೇ ಸಮೀಕ್ಷಕರು ಹೊಲದಿಂದ ಹೊಲಕ್ಕೆ ಓಡಾಡುವ ದೂರವನ್ನು ಲೆಕ್ಕಕ್ಕೆ ಹಿಡಿದಿದ್ದರು.

ಇಂಥ ತಂತ್ರಾಂಶ ಕೊಳ್ಳುವವರಲ್ಲಿ ನನ್ನದೊಂದು ವಿನಂತಿ. ಎಷ್ಟು ಕಿಲೋಮೀಟರ್ ಉಳಿಯುತ್ತದೆ ಎಂದಷ್ಟೇ ಕೇಳಬೇಡಿ. ದಂಡದ ಪಟ್ಟಿ ತೋರಿಸಿ ಎನ್ನಿ. ಅದನ್ನು ಬರೆದವರು ಯಾರು, ಬರೆಯುವಾಗ ಯಾರನ್ನು ಕೇಳಿದರು ಎಂದು ವಿಚಾರಿಸಿ. ‘ಇದು ಎನ್‌ಪಿ-ಹಾರ್ಡ್’ ಎಂದು ನನ್ನಂಥವರು ಶುರುಮಾಡಿದರೆ, ನೀವು ಕೇಳಿದ್ದು ಅದನ್ನಲ್ಲ ಎಂದು ನೆನಪಿಸಿ.