ಬೇಲಿಯೊಳಗಿನ ಎಲ್ಕ್‌ಗಳು

ಮಕ್ಕಳೇ, ಜಿಂಕೆಯನ್ನು ನೀವೆಲ್ಲ ನೋಡಿದ್ದೀರಿ. ನಾಗರಹೊಳೆಗೆ ಹೋದವರು ಕಡವೆಯನ್ನೂ ನೋಡಿರಬಹುದು. ಆ ಕಡವೆಗೆ ದೂರದ ನೆಂಟ ಎಲ್ಕ್. ಉತ್ತರ ಅಮೆರಿಕದಲ್ಲೂ ಏಷ್ಯಾದ ಚಳಿ ನಾಡುಗಳಲ್ಲೂ ಇದರ ವಾಸ. ಅಮೆರಿಕದ ಮೂಲನಿವಾಸಿಗಳು ಇದಕ್ಕಿಟ್ಟ ಹೆಸರು ವಾಪಿಟಿ. ಹಿಂಭಾಗ ಬೆಳ್ಳಗಿರುವ ಪ್ರಾಣಿ ಎಂದು ಅದರ ಅರ್ಥ.

ಉತ್ತರ ಅಮೆರಿಕದಲ್ಲಿ ಈಗ ಎಲ್ಕ್‌ನ 4 ಉಪಜಾತಿಗಳಿವೆ. ಒಂದೇ ಮನೆತನದ ನಾಲ್ಕು ಕವಲು ಎನ್ನಿ. ಪಶ್ಚಿಮ ಕರಾವಳಿಯ ಮಳೆಕಾಡಿನಲ್ಲಿರುವ ರೂಸ್‌ವೆಲ್ಟ್ ಎಲ್ಕ್ ಎಲ್ಲಕ್ಕಿಂತ ದಪ್ಪ. ರಾಕಿ ಪರ್ವತದ ಎಲ್ಕ್ ಬೇಸಿಗೆಯಲ್ಲಿ ಬೆಟ್ಟದ ಮೇಲಿನ ಹುಲ್ಲು ಮೇಯುತ್ತದೆ, ಹಿಮ ಬಿದ್ದೊಡನೆ ಕಣಿವೆಗೆ ಇಳಿಯುತ್ತದೆ. ಮೂರನೆಯದು ಕೆನಡಾದ ಮ್ಯಾನಿಟೋಬಾ ಕಡೆಯ ಎಲ್ಕ್. ನಾಲ್ಕನೆಯದು, ಎಲ್ಲಕ್ಕಿಂತ ಚಿಕ್ಕದು, ಟೂಲಿ ಎಲ್ಕ್. ಇದು ಕ್ಯಾಲಿಫೋರ್ನಿಯಾದಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ಟೂಲಿ ಎಂದರೆ ಅಲ್ಲಿನ ಜೌಗು ನೆಲದ ಜೊಂಡು ಹುಲ್ಲು. ಪೂರ್ವದ ಎಲ್ಕ್, ಮೆರಿಯಮ್ ಎಲ್ಕ್ ಎಂಬ ಇನ್ನೆರಡು ಕವಲುಗಳು ಅಳಿದೇ ಹೋದವು.

ಮಗಳ ಮನೆ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ. 2023ರ ಸೆಪ್ಟೆಂಬರಿನಲ್ಲಿ ಅಲ್ಲಿದ್ದಾಗ ಎಂಟು ವರ್ಷದ ಮೊಮ್ಮಗಳ ಜೊತೆ ಪಾಯಿಂಟ್ ರೇಯಸ್ ಎಂಬ ಕಡಲ ತೀರದ ರಕ್ಷಿತ ಪ್ರದೇಶಕ್ಕೆ ಹೋದೆ. ಅದರ ಉತ್ತರದ ತುದಿಯೇ ಟೊಮಾಲಿಸ್ ಪಾಯಿಂಟ್. ಎಡಕ್ಕೆ ಪೆಸಿಫಿಕ್ ಸಾಗರ, ಬಲಕ್ಕೆ ಕೊಲ್ಲಿ, ನಡುವೆ ಹುಲ್ಲಿನ ಗುಡ್ಡ. ಮಂಜು, ಗಾಳಿ. ಮಫ್ಲರ್ ಕಟ್ಟಿಕೊಂಡೇ ನಡೆದೆ.

ಇದ್ದಕ್ಕಿದ್ದಂತೆ ಯಾರೋ ಸಿಳ್ಳೆ ಹಾಕಿದಂತಾಯಿತು. ಗುಡ್ಡದ ನೆತ್ತಿಯಲ್ಲಿ ಕವಲು ಕೊಂಬಿನ ಗಂಡು ಎಲ್ಕ್ ಕತ್ತೆತ್ತಿ ಕೂಗುತ್ತಿತ್ತು! ಅಷ್ಟು ದೊಡ್ಡ ದೇಹದಿಂದ ಅಷ್ಟು ಸಣ್ಣ ದನಿ. ಅದು ಜೋಡಿ ಕೂಡುವ ಕಾಲ. ಹೆಣ್ಣುಗಳ ಹಿಂಡನ್ನು ಕಾಯುತ್ತಾ, ಬೇರೆ ಗಂಡುಗಳಿಗೆ ಎಚ್ಚರಿಕೆ ಕೊಡುವ ಕೂಗದು. ಕೊಂಬು ಗಂಡಿಗೆ ಮಾತ್ರ. ಅದು ಪ್ರತಿವರ್ಷ ಬಿದ್ದು ಮತ್ತೆ ಹೊಸದಾಗಿ ಬೆಳೆಯುತ್ತದೆ. ನಾವು ದೂರದಲ್ಲೇ ನಿಂತು ನೋಡಿದೆವು.

ಬ್ಯಾಂಕಿನಲ್ಲಿ 35 ವರ್ಷ ಲೆಡ್ಜರ್ ಬರೆದವನಿಗೆ ಲೆಕ್ಕ ಕೇಳದಿದ್ದರೆ ಸಮಾಧಾನವಿಲ್ಲ. ಟೂಲಿ ಎಲ್ಕ್‌ಗಳ ಲೆಕ್ಕ ಹೀಗಿದೆ. ಹಿಂದೆ ಇದ್ದದ್ದು ಸುಮಾರು 5 ಲಕ್ಷ. 1849ರಲ್ಲಿ ಚಿನ್ನ ಹುಡುಕುವವರ ದಂಡು ಬಂತು. ಬೇಟೆಗೆ ಸಿಕ್ಕು, ಹುಲ್ಲುಗಾವಲು ಕಳೆದುಕೊಂಡು, 1870ರ ದಶಕದ ಹೊತ್ತಿಗೆ ಉಳಿದದ್ದು ಬೆರಳೆಣಿಕೆಯಷ್ಟು. ಹೆನ್ರಿ ಮಿಲ್ಲರ್ ಎಂಬ ದನದ ಸಾಹುಕಾರ ತನ್ನ ಜಮೀನಿನಲ್ಲಿ ಸಿಕ್ಕವನ್ನು ಯಾರೂ ಮುಟ್ಟದಂತೆ ಕಾಪಾಡಿದ. ಇಂದು 5,000ಕ್ಕೂ ಹೆಚ್ಚಿವೆ.

ಟೊಮಾಲಿಸ್ ಪಾಯಿಂಟಿಗೆ 1978ರಲ್ಲಿ 10 ಎಲ್ಕ್ ತಂದು ಬಿಟ್ಟರು. ಪಕ್ಕದಲ್ಲೇ ಹಸು ಸಾಕುವವರ ಹುಲ್ಲುಗಾವಲು. ಎಲ್ಕ್ ಅಲ್ಲಿಗೆ ನುಗ್ಗದಿರಲೆಂದು ಎತ್ತರದ ಬೇಲಿ ಹಾಕಿದರು. ಹಿಂಡು ಬೆಳೆಯಿತು. ಆಮೇಲೆ ಬರ ಬಂತು. ಬೇರೆಡೆ ಮೇವು ಹುಡುಕಿ ಹೋಗೋಣವೆಂದರೆ ದಾರಿಯಿಲ್ಲ. 2012ರಲ್ಲಿ 540 ಇದ್ದದ್ದು 2014ಕ್ಕೆ 286ಕ್ಕೆ ಇಳಿಯಿತು.

ಬೇಲಿಯ ಬಳಿ ಮೊಮ್ಮಗಳು ಕೇಳಿದಳು: “ತಾತ, ಈ ಬೇಲಿ ಎಲ್ಕ್‌ನ ಕಾಪಾಡೋಕಾ, ಕೂಡಿಹಾಕೋಕಾ?”

“ಹಸು ಸಾಕೋರಿಗೂ ಹೊಟ್ಟೆಪಾಡು ಇದೆಯಲ್ಲಮ್ಮ,” ಎಂದೆ.

“ಎಲ್ಕ್‌ಗೂ ಹೊಟ್ಟೆ ಇದೆಯಲ್ಲ ತಾತ!”

ನನ್ನಲ್ಲಿ ಉತ್ತರವಿರಲಿಲ್ಲ.

2024ರ ಕೊನೆಯಲ್ಲಿ ಆ ಬೇಲಿಯನ್ನು ತೆಗೆಯಲು ತೀರ್ಮಾನವಾಯಿತು. ಮಗಳು ಫೋನಿನಲ್ಲಿ ಹೇಳಿದಾಗ, ಹಿಂದಿನಿಂದ ಮೊಮ್ಮಗಳ ಕೇಕೆ ಕೇಳಿಸಿತು. ಮರುತಿಂಗಳೇ ಇನ್ನೊಂದು ಸುದ್ದಿ. ಬಹುಕಾಲದಿಂದ ಅಲ್ಲಿ ಹಸು ಸಾಕುತ್ತಿದ್ದವರಲ್ಲಿ 12 ಮಂದಿ ಪರಿಹಾರ ಪಡೆದು ಜಾಗ ಬಿಟ್ಟುಕೊಡಲು ಒಪ್ಪಿದ್ದರು. ಎಲ್ಕ್‌ಗೆ ಹಾದಿ ತೆರೆಯಿತೆಂದು ನನಗೆ ಸಂತೋಷವೇ. ಆದರೆ ಹುಟ್ಟಿ ಬೆಳೆದ ಕೊಟ್ಟಿಗೆಗೆ ಬೀಗ ಹಾಕಿ ಹೊರಡುವ ಯಾವುದೋ ತಾತನ ನೆನಪೂ ಆಗುತ್ತದೆ. ಮಕ್ಕಳೇ, ಇಬ್ಬರಿಗೂ ಜಾಗ ಸಿಗುವ ಉಪಾಯ ನಿಮಗೆ ಹೊಳೆದರೆ ನಿಮ್ಮ ತಾತ ಅಜ್ಜಿಯರಿಗೆ ಹೇಳಿ. ಅವರೂ ಯೋಚಿಸಲಿ.