ಇನ್ನೊಂದು ಲೆಟರ್

ಡಿಸೆಂಬರ್ 30, ರಾತ್ರಿ ಎಂಟೂವರೆ. ಬಸವನಗುಡಿಯ ಈ ಮನೆಯ ಊಟದ ಮೇಜಿನ ಒಂದು ತುದಿಯಲ್ಲಿ ನೆನೆಹಾಕಿದ ಅವರೆಕಾಳಿನ ಪಾತ್ರೆ, ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪ್. ಅಮ್ಮ ಒಂದೊಂದೇ ಕಾಳು ಹಿದುಕುತ್ತಿದ್ದಾರೆ. ಬೇಳೆ ಪುಳಕ್ಕನೆ ಜಾರಿ ಬಟ್ಟಲಿಗೆ ಬೀಳುತ್ತದೆ. ಮಗಳು ಕಾಲೇಜು ಅರ್ಜಿಯ ಕಾಮನ್ ಆ್ಯಪ್ ತೆರೆದಿಟ್ಟುಕೊಂಡು ಉಗುರು ಕಚ್ಚುತ್ತಿದ್ದಾಳೆ. ನೀವೂ ಒಂದು ಕುರ್ಚಿ ಎಳೆದುಕೊಳ್ಳಿ. ನಾಡಿದ್ದು ಜನವರಿ 1. ಅವಳು ಆರಿಸಿಕೊಂಡ ಮೂರೂ ಅಮೆರಿಕನ್ ಕಾಲೇಜುಗಳಿಗೆ ಅದೇ ಕೊನೆಯ ದಿನ.

ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು. ಅಪ್ಪ ಚುನಾವಣೆ ಗೆದ್ದವರ ಹಾಗೆ ಒಳಗೆ ಬಂದು ಉದ್ದನೆಯ ಲಕೋಟೆಯೊಂದನ್ನು ಮೇಜಿನ ಮೇಲಿಡುತ್ತಾರೆ. ಶಾಸಕರ ಲೆಟರ್‌ಹೆಡ್. ಮೇಲೆ ಹೊಳೆಯುವ ಗಂಡಭೇರುಂಡ, ಕೆಳಗೆ ಹಸಿರು ಇಂಕಿನ ಸಹಿ, ಕೊಂಚ ಓರೆಯಾಗಿ ಬಿದ್ದ ನೇರಳೆ ಸೀಲು. ನಡುವೆ ನಾಲ್ಕು ಸಾಲು: ಈಕೆ ತಮಗೆ ಚೆನ್ನಾಗಿ ಗೊತ್ತು, ಸದ್ಗುಣಿ, ಪರಿಶೀಲಿಸಿ ಸೀಟು ಕೊಡಬೇಕಾಗಿ ಕೋರಿಕೆ.

“ಇದನ್ನೂ ಹಾಕು ಪುಟ್ಟಿ.”

“ಎಲ್ಲಿಗಪ್ಪಾ ಹಾಕ್ಲಿ?”

ನಿಜಕ್ಕೂ ಜಾಗವಿಲ್ಲ. ಇಂಥ ಪತ್ರವನ್ನು ವಿದ್ಯಾರ್ಥಿ ತಾನೇ ಏರಿಸುವಂತಿಲ್ಲ. ಬರೆಯುವವರ ಇಮೇಲ್ ಕೊಡಬೇಕು, ಅವರಿಗೆ ಲಿಂಕ್ ಹೋಗುತ್ತದೆ, ಅವರೇ ಕಳಿಸಬೇಕು. 1974ರ ಅಮೆರಿಕನ್ ಕಾನೂನೊಂದರ ಪ್ರಕಾರ ಮುಂದೆ ಆ ಪತ್ರಗಳನ್ನು ತೆಗೆಸಿ ಓದುವ ಹಕ್ಕು ಇವಳಿಗಿತ್ತು. ಅದನ್ನೂ ಬಿಟ್ಟುಕೊಟ್ಟು ಟಿಕ್ ಹಾಕಿದ್ದಾಳೆ. ಹಾಗೆ ಬಿಟ್ಟುಕೊಟ್ಟರೆ, ಬರೆದವರು ದಾಕ್ಷಿಣ್ಯಕ್ಕೆ ಬರೆದಿಲ್ಲ ಎಂಬ ಭರವಸೆ ಓದುವವರಿಗೆ.

“ಪಿಎ ಇಮೇಲ್ ಇದೆ, ಹಾಕು.”

ಅಮ್ಮ ತಲೆಯೆತ್ತದೆ ನಗುತ್ತಾರೆ.

ಪ್ರಿನ್ಸಿಪಾಲರ ಪತ್ರ ಹೋಗಿಯಾಗಿದೆ (ಪಿಯು ಕಾಲೇಜಿನಲ್ಲಿ ಕೌನ್ಸೆಲರ್ ಎಲ್ಲಿಂದ ಬರಬೇಕು, ಆ ಕೆಲಸವೂ ಅವರದ್ದೇ). ಫಿಸಿಕ್ಸ್ ಸರ್, ಇಂಗ್ಲಿಷ್ ಮೇಡಂ ಇಬ್ಬರೂ ಕಳಿಸಿದ್ದಾರೆ. ಹಾರ್ವರ್ಡ್ ಕೂಡ ಕೇಳುವುದು ಇಷ್ಟೇ: ಇಬ್ಬರು ಮೇಷ್ಟ್ರದ್ದು, ಒಬ್ಬ ಕೌನ್ಸೆಲರದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಂತೂ ಸಾಮಾನ್ಯವಾಗಿ ಪತ್ರವನ್ನೇ ಕೇಳುವುದಿಲ್ಲ. ಅಮೆರಿಕದ ಪ್ರವೇಶ ಕಚೇರಿಗಳಲ್ಲಿ ಹಳೆಯ ಕುಹಕವೊಂದಿದೆ. ಕನ್ನಡದಲ್ಲಿ ಅದು ಇನ್ನೂ ಚೆನ್ನಾಗಿ ಕೂರುತ್ತದೆ: ಫೈಲು ಮಂದವಾದಷ್ಟೂ ಹುಡುಗನೂ ಮಂದ.

ಅಪ್ಪನಿಗೆ ಇದು ತಲೆಗೆ ಹತ್ತುತ್ತಿಲ್ಲ. ಅವರನ್ನು ಅಂದು ಫಲವಿಲ್ಲ. ವರ್ಗಾವಣೆಗೆ, ಹಾಸ್ಟೆಲ್ ಸೀಟಿಗೆ, ಒಂದು ಕಾಲದಲ್ಲಿ ಗ್ಯಾಸ್ ಕನೆಕ್ಷನ್ನಿಗೂ ಅವರು ಕಂಡ ಶಿಫಾರಸು ಇದೇ. ಕಾಗದದಲ್ಲಿ ಏನಿದೆ ಅಂತ ಯಾರೂ ಓದುತ್ತಿರಲಿಲ್ಲ, ಸಹಿ ನೋಡುತ್ತಿದ್ದರು. ಈ ಕಾಲೇಜುಗಳಿಗೆ ಬೇಕಾದ್ದು ಹುಡುಗಿಯನ್ನು ಹತ್ತಿರದಿಂದ ಕಂಡವರ ಸಾಕ್ಷಿ.

ಮಗಳು ಕೆಳಗೆ ಸರಿಸುತ್ತಾಳೆ. ಮೂರರಲ್ಲಿ ಒಂದು ಕಾಲೇಜು ‘ಇತರರು’ ಎಂದು ಒಬ್ಬರಿಗೆ ಅವಕಾಶ ಬಿಟ್ಟಿದೆ. ಆಟದ ಕೋಚ್, ಕೆಲಸ ಕೊಟ್ಟವರು, ಕಲೆ ಕಲಿಸಿದವರು... ಬೆರಳು ಅಲ್ಲೇ ನಿಲ್ಲುತ್ತದೆ. ಮೃದಂಗದ ಮೇಷ್ಟ್ರಿಗೆ ಫೋನ್ ಹೋಗುತ್ತದೆ, ಸ್ಪೀಕರ್ ಹಾಕಿ.

“ನಾನೇನು ಬರೀಲಮ್ಮಾ, ನನ್ನ ಇಂಗ್ಲಿಷು ನಿನಗೆ ಗೊತ್ತಲ್ಲ.” ಸ್ವಲ್ಪ ಹೊತ್ತು ಮಾತಿಲ್ಲ. “ಆ ರಾಮನವಮಿ ಬರೀಲಾ?”

ಅಮ್ಮನ ಕೈ ನಿಲ್ಲುತ್ತದೆ. ಅಂದು ಪೆಂಡಾಲಿನಲ್ಲಿ ಕರೆಂಟ್ ಹೋಗಿ ಮೈಕ್ ಸತ್ತಿತ್ತು. ಮಿಶ್ರಛಾಪು ನಡೆಯುತ್ತಿದ್ದಾಗ ಪಿಟೀಲಿನವರಿಗೆ ತಾಳ ತಪ್ಪಿತು. ಹದಿನಾಲ್ಕರ ಹುಡುಗಿ, ವಾರವೆಲ್ಲ ಸಾಧನೆ ಮಾಡಿಕೊಂಡು ಬಂದಿದ್ದ ಮುಕ್ತಾಯವನ್ನು ಬಿಟ್ಟು, ಬರೀ ತಕಿಟ ತಕಧಿಮಿ ಹಿಡಿದು ಕೂತಳು, ಅವರು ದಾರಿಗೆ ಬರುವ ತನಕ. ಒಂದು ಸಲವೂ ಅವರತ್ತ ತಿರುಗಿ ನೋಡಲಿಲ್ಲ.

“ಆಮೇಲೆ ಬೈದೆ, ನೆನಪಿದೆಯಾ? ಎಡಗೈ ಗಟ್ಟಿಯಾಯ್ತು ಅಂತ. ಅದನ್ನೂ ಬರೀತೀನಿ.”

“ಬರೀರಿ ಸರ್.”

ಅಪ್ಪ ಏನೂ ಅನ್ನದೆ ಲಕೋಟೆಯನ್ನು ಎತ್ತಿಕೊಂಡು, ಬೀರು ತೆಗೆದು, ರೇಷನ್ ಕಾರ್ಡಿನ ಫೈಲಿಗೆ ಸೇರಿಸುತ್ತಾರೆ. ಮತ್ತೆ ಬಂದು ಕೂತು, ತಾವೂ ನಾಲ್ಕು ಕಾಳು ಕೈಗೆತ್ತಿಕೊಳ್ಳುತ್ತಾರೆ.

ಒಂಬತ್ತೂ ಇಪ್ಪತ್ತಕ್ಕೆ ಫೋನ್ ಮತ್ತೆ ಬಡಿದುಕೊಳ್ಳುತ್ತದೆ.

“ಅದೇನೋ ಬಂದಿದೆ ಕಣಮ್ಮಾ, ಪಾಸ್‌ವರ್ಡ್ ಕೇಳ್ತಿದೆ. ನಂದಾ, ನಿಂದಾ?”